ಅಟ್ಟದ ಮೇಲಿನ ಟಕ್

ಹಂದನಕೆರೆಯ ದೊಡ್ಡರಂಗಯ್ಯ ತನ್ನ ಮನೆಯ ಅಟ್ಟದ ಏಣಿಯಿಂದ ಜಾರಿದ್ದು ಎಪ್ಪತ್ತೊಂಬತ್ತನೇ ಇಸವಿಯ ಸಂಕ್ರಾಂತಿಯ ಮರುದಿನ. ಬಿದ್ದದ್ದು ಮೂರೇ ಮೆಟ್ಟಿಲು. ಆದರೆ ಬಲಗಾಲು ಉಳುಕಿ, ಸಂಜೆ ಹೊತ್ತಿಗೆ ಪಾದ ಊದಿಕೊಂಡು ಎಕ್ಕಡ ಹಿಡಿಯದಂತಾಯಿತು. ಪಟ್ಟು ಹಾಕಲು ಬಂದ ನಾಟಿ ವೈದ್ಯ, "ಒಂದು ತಿಂಗಳು ಈ ಕಾಲು ನೆಲ ಮುಟ್ಟಂಗಿಲ್ಲ ಕಣಪ್ಪ" ಎಂದು ಹೇಳಿ, ಅವನನ್ನು ನಡುಮನೆಯ ಮಂಚದ ಮೇಲೆ ಮಲಗಿಸಿ ಹೋದ.

ಕೊಬ್ಬರಿ ಆಗಲೇ ಮೂಟೆ ಕಟ್ಟಿ ಜಗಲಿಯಲ್ಲಿ ಕೂತಿತ್ತು. ತಿಪಟೂರಿನ ಮಂಡಿಗೆ ಸುದ್ದಿಯೂ ಹೋಗಿತ್ತು. ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ಒಬ್ಬಳು ತುರುವೇಕೆರೆಯಲ್ಲಿ, ಇನ್ನೊಬ್ಬಳು ಹುಳಿಯಾರಿನಲ್ಲಿ ಇದ್ದರು. ತಮ್ಮ ಮಾಯಣ್ಣ ಅದೇ ಊರಿನ ಎರಡನೇ ಬೀದಿಯಲ್ಲೇ ಇದ್ದರೂ, ಅಣ್ಣತಮ್ಮಂದಿರು ಮಾತು ಬಿಟ್ಟು ಆರು ವರ್ಷವಾಗಿತ್ತು. ಹಾಗಾಗಿ ಮೂಟೆಗಳು ಲಾರಿಯಲ್ಲಿ ಹೋದವು, ದೊಡ್ಡರಂಗಯ್ಯನ ಹೆಂಡತಿ ಓಬಮ್ಮ ಬೆಳಗಿನ ಬಸ್ಸಿನಲ್ಲಿ ಹೋದಳು.

ಓಬಮ್ಮನಿಗೆ ಆಗ ನಲವತ್ತೇಳು. ಮದುವೆಯಾಗಿ ಬಂದ ದಿನದಿಂದ ಅಟ್ಟ ಅವಳದೇ. ತೆಂಗಿನಕಾಯನ್ನು ಅಟ್ಟಕ್ಕೇರಿಸಿ, ವರ್ಷವಿಡೀ ಒಣಗಲು ಬಿಟ್ಟು, ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಒಣಗಿದ ಕೊಬ್ಬರಿ ಗಿಟುಕು ಲೊಡಲೊಡ ಅಂದರೆ ಮಾತ್ರ ಕೆಳಗಿಳಿಸುತ್ತಿದ್ದಳು. ಅಷ್ಟೆಲ್ಲ ಕೊಬ್ಬರಿ ಮಾಡಿದ್ದರೂ ಅದು ಮಂಡಿಯಲ್ಲಿ ಏನಾಗುತ್ತದೆಂದು ಅವಳು ಕಣ್ಣಾರೆ ನೋಡಿದ್ದು ಅದೇ ಮೊದಲು.

ಮಂಡಿ ಸಾಹುಕಾರ ತೋಂಟದಾರ್ಯರು ಅರವತ್ತು ದಾಟಿದವರು. ಹಣೆ ತುಂಬ ವಿಭೂತಿ, ಮೈಮೇಲೆ ಬಿಳಿ ಜುಬ್ಬ. ಓಬಮ್ಮನ ಮೊದಲ ಮೂಟೆ ಬಿಚ್ಚಿಸಿ ಎಡಗೈಯಲ್ಲಿ ಒಂದು ಗಿಟುಕನ್ನು ಎತ್ತಿಕೊಂಡರು. ಬಲಗೈ ಜುಬ್ಬದ ಜೇಬಿಗೆ ಹೋಯಿತು. ಹೊರಗೆ ಬಂದಾಗ ಅಂಗೈಯಲ್ಲಿ ಕಪ್ಪು ಮರದ ತುಂಡಿನಂಥದ್ದೇನೋ ಇತ್ತು. ಹೆಬ್ಬೆರಳು ಸ್ವಲ್ಪ ಅಲುಗಿತು, ಅಷ್ಟೇ. ಟಕ್! ಎಲ್ಲೂ ಇಲ್ಲದ ಅಲಗೊಂದು ಮುಂದೆ ಬಂದು ನಿಂತಿತ್ತು. ಕೊಬ್ಬರಿ ಎರಡು ಹೋಳಾಯಿತು. ಸಾಹುಕಾರರು ಹೋಳನ್ನು ಬೆಳಕಿಗೆ ಹಿಡಿದು ನೋಡಿ, ಚಾಕುವನ್ನು ತೊಡೆಗೆ ಒತ್ತಿ ಮಡಚಿ, ಎರಡನೇ ಮೂಟೆಗೆ ಕೈ ಹಾಕಿದರು. ಮತ್ತೆ ಟಕ್.

ಓಬಮ್ಮ ಕೊಬ್ಬರಿಯನ್ನು ನೋಡಲೇ ಇಲ್ಲ. ಸಾಹುಕಾರರು ಏನು ಹೇಳಿದರೋ ಅದೂ ಕೇಳಿಸಲಿಲ್ಲ.

"ಸಾವ್ಕಾರ್ರೇ, ಇನ್ನೊಂದು ಸಲ ತೆಗೀರಿ" ಅಂದಳು.

ತಮ್ಮ ಪರೀಕ್ಷೆಯ ಮೇಲೆ ಈ ಹೆಂಗಸಿಗೆ ಅನುಮಾನ ಬಂದಿರಬೇಕು ಎಂದುಕೊಂಡ ತೋಂಟದಾರ್ಯರು ಮೂರನೇ ಗಿಟುಕನ್ನು ಕತ್ತರಿಸಿ ಅವಳ ಮುಂದೆ ಹಿಡಿದರು. "ನೋಡಿ ತಾಯಿ, ನಿಮ್ಮ ಮಾಲಿಗೆ ಹೆಸರಿಡೋ ಹಂಗೇ ಇಲ್ಲ. ಹಾಲಿನ ಕೆನೆ ಇದ್ದಂಗಿದೆ."

"ಕೊಬ್ಬರಿ ಅಲ್ಲ ಬುಡಿ ಸಾವ್ಕಾರ್ರೇ. ಚಾಕು. ಅದು ಹೆಂಗೆ ಅಷ್ಟು ಸಲೀಸಾಗಿ ಬತ್ತದೆ?"

ತೋಂಟದಾರ್ಯರು ಒಂದು ಗಳಿಗೆ ಅವಳ ಮುಖವನ್ನೇ ನೋಡಿದರು. ಆಮೇಲೆ ಅವರ ಮೀಸೆಯಡಿಯಲ್ಲಿ ನಗು ಬಂತು. ನಲವತ್ತು ವರ್ಷದಿಂದ ದಿನಕ್ಕೆ ನೂರು ಸಲ ಈ ಚಾಕು ತೆಗೆಯುತ್ತಿದ್ದರೂ, ಒಬ್ಬರೂ ಅದರ ಬಗ್ಗೆ ಕೇಳಿರಲಿಲ್ಲ. ಅವರು ಚಾಕುವನ್ನು ಮಡಚಿ ಅವಳ ಕೈಗೇ ಕೊಟ್ಟುಬಿಟ್ಟರು. ಓಬಮ್ಮ ಹೆಬ್ಬೆರಳಿನಿಂದ ನೂಕಿದಳು. ಅಲಗು ಅರ್ಧ ಬಂದು ನಿಂತಿತು. ಇನ್ನೊಮ್ಮೆ ನೂಕಿದಳು, ಅಷ್ಟೂ ಬರಲಿಲ್ಲ.

"ಬಲ ಹಾಕಬಾರದು ಕಣಮ್ಮ. ಬೆರಳು ಶುರು ಮಾಡಬೇಕು, ಮಣಿಕಟ್ಟು ಮುಗಿಸಬೇಕು" ಎಂದು ಸಾಹುಕಾರರು ಗಾಳಿಯಲ್ಲೇ ಕೈ ಆಡಿಸಿ ತೋರಿಸಿದರು. "ಬೇಕಾದ್ರೆ ಬಸ್ ಸ್ಟ್ಯಾಂಡ್ ಹತ್ರ ಸಾಣೆ ಹಿಡಿಯೋ ಹುಸೇನ್ ಸಾಬರು ಕೂತಿರ್ತಾರೆ. ಅವರೇ ಇದನ್ನ ಮಾಡಿಕೊಟ್ಟಿದ್ದು. ನನ್ನ ಹೆಸರು ಹೇಳಿ."

ಹುಸೇನ್ ಸಾಬರು ಆಲದ ಮರದ ಕೆಳಗೆ ಸಾಣೆಚಕ್ರ ಇಟ್ಟುಕೊಂಡು ಕೂತಿದ್ದರು. ಮುಂದೆ ಹರಡಿದ್ದ ಗೋಣಿತಾಟಿನ ಮೇಲೆ ಕತ್ತರಿ, ಕುಡುಗೋಲು, ಎಂಟು ಹತ್ತು ಮಡಚುವ ಚಾಕು. ಓಬಮ್ಮ ಕುಕ್ಕರಗಾಲಿನಲ್ಲಿ ಕೂತು ಒಂದೊಂದನ್ನೇ ತೂಗಿ ನೋಡಿದಳು.

"ಯಜಮಾನರಿಗಾ ಅಮ್ಮಾ?"

"ಇಲ್ಲ. ನಂಗೇ."

"ಅಚ್ಛಾ!" ಎಂದು ಸಾಬರು ಚಕ್ರ ತುಳಿಯುವುದನ್ನು ನಿಲ್ಲಿಸಿದರು. "ಎಲ್ಲಿ, ಕೈ ತೋರ್ಸಿ."

ಅವಳ ಹೆಬ್ಬೆರಳಿನ ಉದ್ದವನ್ನು ಕಣ್ಣಲ್ಲೇ ಅಳೆದು, ಬೀಟೆ ಮರದ ಹಿಡಿಯ ಸಣ್ಣದೊಂದು ಚಾಕುವನ್ನು ಆರಿಸಿದರು. ಹಳೇ ಗರಗಸದಿಂದ ಮಾಡಿದ ಅಲಗು, ಒಂದು ಬೆರಳಿನಷ್ಟು ಉದ್ದ. ಅದರ ಹಿತ್ತಾಳೆ ಮೊಳೆಯ ಮೇಲೆ ಎರಡೇ ಎರಡು ಸಲ ಸುತ್ತಿಗೆಯಿಂದ ತಟ್ಟಿ, ಅಲ್ಲಾಡಿಸಿ ನೋಡಿ, ಇನ್ನರ್ಧ ಏಟು ಕೊಟ್ಟರು. "ಈಗ ನಿಮ್ ಕೈಗೆ ಸರಿಯಾಯ್ತು. ಬೇರೆಯವರು ತೆಗೆದ್ರೆ ಇಷ್ಟು ಚೆನ್ನಾಗಿ ಬರಲ್ಲ. ಒಂದು ಮಾತು ನೆನಪಿಟ್ಕೊಳ್ಳಿ. ಇದಕ್ಕೆ ಕೊಬ್ಬರಿ ಎಣ್ಣೆ ಹಾಕ್ಬೇಡಿ. ಚಳಿಗೆ ಗಟ್ಟಿಯಾಗಿ ಹಿಡ್ಕೊಂಡ್ಬಿಡುತ್ತೆ. ಹೊಲಿಗೆ ಮಿಷನ್ ಎಣ್ಣೆ, ಒಂದೇ ಹನಿ."

ಓಬಮ್ಮ ಚಾಕುವನ್ನು ಎಲೆಅಡಿಕೆ ಸಂಚಿಯ ಒಳಪದರಕ್ಕೆ ಸೇರಿಸಿ ಊರಿಗೆ ಬಂದಳು. ಗಂಡನಿಗೆ ಮಂಡಿಯ ಸುದ್ದಿಯೆಲ್ಲ ಹೇಳಿದಳು, ಚಾಕುವಿನ ಸುದ್ದಿ ಮಾತ್ರ ಹೇಳಲಿಲ್ಲ. ಹೆದರಿಕೆಯೇನೂ ಇರಲಿಲ್ಲ. ನಾಚಿಕೆ. ಇಬ್ಬರು ಅಳಿಯಂದಿರನ್ನು ಕಂಡ ಹೆಂಗಸು, ಬೇಕೆನಿಸಿತೆಂದು ಆಟದ ಸಾಮಾನು ಕೊಂಡುತಂದಳು ಎಂದು ಹೇಗೆ ಹೇಳುವುದು?

ಮರುದಿನ ಮಧ್ಯಾಹ್ನ ಗಂಡನಿಗೆ ಮುದ್ದೆ ಬಡಿಸಿ, ಪಾತ್ರೆ ತೊಳೆದು, "ಕಾಯಿ ಅಲ್ಲಾಡಿಸಿ ಬತ್ತೀನಿ" ಎಂದು ಅಟ್ಟ ಹತ್ತಿದಳು. ಹೆಂಚಿನ ಸಂದಿಯಿಂದ ಬರುವ ಬೆಳಕಿನಲ್ಲಿ, ಕಾಯಿರಾಶಿಗೆ ಒರಗಿ ಕಾಲು ಚಾಚಿ ಕೂತು ಚಾಕು ಹೊರಗೆ ತೆಗೆದಳು. ಮೊದಲ ದಿನ ಅಲಗು ಅರ್ಧಕ್ಕೇ ನಿಂತಿತು. ಎರಡನೇ ದಿನ ಚಾಕು ಕೈಜಾರಿ ಕಾಯಿಗಳ ನಡುವೆ ಬಿದ್ದು, ಅದನ್ನು ಹುಡುಕುವುದರಲ್ಲೇ ಹೊತ್ತು ಹೋಯಿತು. ಮೂರನೇ ದಿನ ಮಡಚುವಾಗ ಬೆರಳು ಕುಯ್ದುಕೊಂಡಳು. "ಏನಾಯ್ತೇ ಕೈಗೆ?" ಎಂದು ದೊಡ್ಡರಂಗಯ್ಯ ಕೇಳಿದಾಗ, "ಈಳಿಗೆಮಣೆ ತಾಗ್ತು" ಎಂದು ಸುಳ್ಳು ಹೇಳಿದಳು.

ನಾಲ್ಕನೇ ದಿನ ಕೈಗೆ ಬಂತು. ಬೆರಳು ಶುರು ಮಾಡಿತು, ಮಣಿಕಟ್ಟು ಮುಗಿಸಿತು. ಅಲಗು ತನ್ನಷ್ಟಕ್ಕೇ ಬಿಚ್ಚಿಕೊಂಡು ಹೋಗಿ ಕೊನೆಯಲ್ಲಿ ಟಕ್ ಎಂದು ಕೂತಿತು. ಆ ಕೂರುವ ಗಳಿಗೆಯಲ್ಲಿ ಅಂಗೈಗೆ ಒಂದು ಸಣ್ಣ ಪೆಟ್ಟು ಬಂದು, ಮೊಳಕೈವರೆಗೂ ಹಾಯಾಗಿ ಹರಿಯಿತು. ಓಬಮ್ಮ ಒಬ್ಬಳೇ ಕೂತು ನಕ್ಕಳು. ಮಡಚಿದಳು, ತೆಗೆದಳು. ಇದರಿಂದ ಒಂದು ಕಾಯಿ ಸುಲಿದಂತಾಗಲಿಲ್ಲ, ಒಂದು ಪಾತ್ರೆ ತೊಳೆದಂತಾಗಲಿಲ್ಲ. ಬುದ್ಧಿ ಬಂದಾಗಿನಿಂದ ಅವಳ ಕೈ ಏನಾದರೊಂದು ಕೆಲಸ ಮಾಡುತ್ತಲೇ ಇತ್ತು. ಈಗ ಅದೇ ಕೈ ಬರೀ ಖುಷಿಗಾಗಿ ಆಡುತ್ತಿತ್ತು. ಇಪ್ಪತ್ತು ಸಲ ತೆಗೆದ ಮೇಲೆ ಎಣಿಸುವುದನ್ನೂ ಬಿಟ್ಟಳು.

ಕೆಳಗೆ ಮಂಚದ ಮೇಲೆ ದೊಡ್ಡರಂಗಯ್ಯನಿಗೆ ಹೊತ್ತು ಹೋಗುತ್ತಿರಲಿಲ್ಲ. ತೊಲೆ ಎಣಿಸಿ ಮುಗಿಸಿದ್ದ, ಹೆಂಚು ಎಣಿಸಿ ಮುಗಿಸಿದ್ದ. ಬೇಜಾರಿಗೆ ತನ್ನಷ್ಟಕ್ಕೆ ಮಾತಾಡಿಕೊಳ್ಳುವುದನ್ನೂ ಕಲಿತಿದ್ದ. ಅಂದು ಊದಿದ ಕಾಲನ್ನು ನೋಡುತ್ತಾ, "ಶಿವರಾತ್ರಿ ಹೊತ್ತಿಗೆ ಎದ್ದು ಓಡಾಡ್ತೀನಿ" ಎಂದುಕೊಂಡ.

ಮೇಲಿನಿಂದ ಟಕ್ ಎಂದು ಕೇಳಿಸಿತು.

ಹಲ್ಲಿ! ದೊಡ್ಡರಂಗಯ್ಯ ಥಟ್ಟನೆ ಮಂಚದ ಕಾಲನ್ನು ಬೆರಳಲ್ಲಿ ತಟ್ಟಿ, "ಕೃಷ್ಣ ಕೃಷ್ಣ" ಎಂದ. ಆಡಿದ ಮಾತಿಗೆ ಹಲ್ಲಿ ನುಡಿದರೆ ಅದು ನಿಜವಾಗುತ್ತದೆ ಎಂದು ಅವನ ಅವ್ವ ಹೇಳಿಕೊಟ್ಟಿದ್ದಳು, ಅವನು ಅದನ್ನು ಪೂರ್ತಿ ನಂಬಿದ್ದ. ಓಬಮ್ಮ ಇಳಿದು ಬಂದಾಗ ಅವನ ಮುಖ ಅರಳಿತ್ತು.

"ನಮ್ಮ ಅಟ್ಟದಲ್ಲಿ ಒಂದು ಹಲ್ಲಿ ಐತೆ ಕಣೇ. ಎಂಥಾ ಸತ್ಯವಂತ ಹಲ್ಲಿ ಅಂತೀಯ!"

"ಹಲ್ಲಿ ಲೊಚಲೊಚ ಅಂತದಲ್ವಾ?" ಎಂದು ಓಬಮ್ಮ ಹುಷಾರಾಗಿ ಕೇಳಿದಳು.

"ಇದು ಹಳೇ ಹಲ್ಲಿ. ಕೊಬ್ಬರಿ ಮಧ್ಯೆ ಇದ್ದೂ ಇದ್ದೂ ಗಂಟಲು ಗಟ್ಟಿಯಾಗೈತೆ."

ಓಬಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ಅಡಿಗೆಮನೆಗೆ ಓಡಿದಳು. ನಿಜ ಹೇಳಿಬಿಡಬೇಕೆಂದು ಅನಿಸಿತು. ಆದರೆ ಮಲಗಿ ಮಲಗಿ ಸೊರಗಿದ್ದ ಮನುಷ್ಯ ಅಷ್ಟು ದಿನಕ್ಕೆ ಒಮ್ಮೆ ನಕ್ಕಿದ್ದ. ಇರಲಿ ಎಂದುಕೊಂಡಳು.

ಅದಕ್ಕೆ ತಕ್ಕ ಶಾಸ್ತಿಯೂ ಆಯಿತು. ಎರಡು ದಿನ ಬಿಟ್ಟು ಅವಳು ಮೇಲೆ ಮೈಮರೆತು ಚಾಕು ಆಡಿಸುತ್ತಿದ್ದಾಗ, ಕೆಳಗೆ ದೊಡ್ಡರಂಗಯ್ಯ "ಬಿಸಿಬಿಸಿ ಉದ್ದಿನೊಡೆ ತಿಂದ್ರೆ ಹೆಂಗಿರ್ತದೆ" ಎಂದುಕೊಂಡ. ಟಕ್. ಹಲ್ಲಿಯ ಅಪ್ಪಣೆಯಾದ ಮೇಲೆ ಇನ್ನೇನು? ಓಬಮ್ಮ ಅವತ್ತು ಉದ್ದು ನೆನೆಸಿ, ರುಬ್ಬುಗುಂಡು ತಿರುವಿ, ಒಲೆ ಮುಂದೆ ಬೆವರಿಳಿಸಿ ಇಪ್ಪತ್ನಾಲ್ಕು ವಡೆ ಕರಿದಳು.

ಅದೇ ವಾರ ಚಾಕು ಹಟ ಹಿಡಿಯಿತು. ಮನೆಯಲ್ಲಿ ಮಿಷನ್ ಎಣ್ಣೆ ಇಲ್ಲವೆಂದು ಅವಳು ಸಾಬರ ಮಾತು ಮೀರಿ ಕೊಬ್ಬರಿ ಎಣ್ಣೆಯನ್ನೇ ಬಿಟ್ಟಿದ್ದಳು. ಬೆಳಗಿನ ಚಳಿಗೆ ಅದು ಮೇಣದ ಹಾಗೆ ಹೆಪ್ಪುಗಟ್ಟಿ ಅಲಗು ಮಿಸುಕಲಿಲ್ಲ. ಹೊಲಿಗೆ ಮಿಷನ್ನು ಇದ್ದದ್ದು ವಾರಗಿತ್ತಿ ಬೋರಮ್ಮನ ಹತ್ತಿರ, ಅಂದರೆ ಮಾಯಣ್ಣನ ಮನೆಯಲ್ಲಿ.

ಅಣ್ಣತಮ್ಮಂದಿರ ಜಗಳ ಒಂದು ತೆಂಗಿನ ಮರದ್ದು. ಬುಡ ಅಣ್ಣನ ತೋಟದಲ್ಲಿ, ತಲೆ ವಾಲಿದ್ದು ತಮ್ಮನ ತೋಟದ ಮೇಲೆ. ಕಾಯಿ ಯಾರದೆಂದು ಒಂದು ಬೆಳಿಗ್ಗೆ ಮಾತು ಹತ್ತಿ, ಸಂಜೆ ಹೊತ್ತಿಗೆ "ನಿನ್ನ ಕಾಯಿ ನಂಗೆ ಬ್ಯಾಡ" ಎಂದು ಇಬ್ಬರೂ ಆಣೆ ಹಾಕಿಕೊಂಡಿದ್ದರು. ಅಂದಿನಿಂದ ಬಿದ್ದ ಕಾಯನ್ನು ಯಾರೂ ಎತ್ತಲಿಲ್ಲ. ಆರು ವರ್ಷದ ಕಾಯಿ ಬಿದ್ದಲ್ಲೇ ಮೊಳೆತು, ಬೇಲಿಯ ಆಚೆ ಐವತ್ತರವತ್ತು ತೆಂಗಿನ ಸಸಿಗಳು ಕಿಕ್ಕಿರಿದು ನಿಂತಿದ್ದವು. ಹೆಂಗಸರು ಮಾತ್ರ ಮಾತು ಬಿಟ್ಟಿರಲಿಲ್ಲ. ತೋಟದ ಬಾವಿಯ ಹತ್ತಿರ, ಸಸಿಗಳ ಮರೆಯಲ್ಲಿ, ದಿನಾ ಸಿಗುತ್ತಿದ್ದರು.

"ಮಿಷನ್ ಎಣ್ಣೆ ಯಾಕಕ್ಕಾ ನಿಂಗೆ?" ಎಂದು ಬೋರಮ್ಮ ಕೇಳಿದಾಗ ಓಬಮ್ಮನಿಗೆ ಬಚ್ಚಿಡಲಾಗಲಿಲ್ಲ. ಚಾಕು ತೋರಿಸಿದಳು. ಬೋರಮ್ಮ ಸಂಜೆಯೇ ಎಣ್ಣೆಯ ಡಬ್ಬಿ ತಂದಳು. ಬಾವಿಕಟ್ಟೆಯ ಮೇಲೆ ಕೂತು ಹಳೆ ಎಣ್ಣೆಯನ್ನು ಬಟ್ಟೆಯಿಂದ ಒರೆಸಿ ಹೊಸದನ್ನು ಒಂದು ಹನಿ ಬಿಟ್ಟರು. ಟಕ್!

"ಅಯ್ಯಯ್ಯೋ, ಎಷ್ಟು ಚಂದ ಅಕ್ಕಾ! ಕೊಡಿಲ್ಲಿ, ಕೊಡು!" ಎಂದು ಬೋರಮ್ಮ ಕಿತ್ತುಕೊಂಡಳು. ಅವಳ ಕೈ ಹೊಲಿಗೆಯ ಕೈ, ಮೂರನೇ ಸಲಕ್ಕೇ ಬಂತು. ಆಮೇಲೆ ಹಲ್ಲಿಯ ಕಥೆ ಕೇಳಿ ಬೋರಮ್ಮ ಬಾವಿಕಟ್ಟೆಯಿಂದ ಬೀಳುವಷ್ಟು ನಕ್ಕಳು. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದಳು: "ಅಕ್ಕಾ, ಬಾವ ಹಲ್ಲಿ ಮಾತು ಅಷ್ಟು ಕೇಳೋದಾದ್ರೆ, ನಮ್ಮ ಮನೆ ವಿಷ್ಯಾನೂ ಅದರ ಕೈಲಿ ಒಂದ್ ಮಾತು ಹೇಳ್ಸು."

"ಛೀ, ಅದು ಮೋಸ ಕಣೇ. ಗೊತ್ತಿಲ್ದೆ ಆಗಿದ್ದು ಬೇರೆ."

"ಮೋಸಾನೇ. ಆರು ವರ್ಷದಿಂದ ಇವರಿಬ್ರೂ ಮಾಡ್ತಿರೋದು ಏನಂತೆ?"

ಓಬಮ್ಮ ಬಿಂದಿಗೆ ಎತ್ತಿಕೊಂಡಳು. ಆಮೇಲೆ ನಾಲ್ಕು ದಿನ ಅಟ್ಟ ಹತ್ತಿದರೂ ಸಂಚಿಯಿಂದ ಚಾಕು ತೆಗೆಯಲಿಲ್ಲ. ಐದನೇ ದಿನ ತಡೆಯಲಾಗಲಿಲ್ಲ. ಗಂಡ ನಿದ್ದೆ ಮಾಡುತ್ತಿದ್ದಾನೆಂದು ಖಾತ್ರಿ ಮಾಡಿಕೊಂಡು ಮೇಲೆ ಹೋಗಿ ಕೂತಳು. ಬೆರಳು ಅಲಗಿನ ಮೇಲಿತ್ತು, ಇನ್ನೂ ನೂಕಿರಲಿಲ್ಲ. ಅಷ್ಟರಲ್ಲಿ ಬೀದಿಯಲ್ಲಿ ಯಾರೋ ಕೆಮ್ಮಿಕೊಂಡು ಹೋದ ಸದ್ದು ಕೇಳಿಸಿತು. ಮಾಯಣ್ಣನ ಕೆಮ್ಮು.

ಕೆಳಗೆ ಮಂಚ ಕಿರ್ರೆಂದಿತು. ದೊಡ್ಡರಂಗಯ್ಯ ಎಚ್ಚರವಾಗಿದ್ದ.

"ಮುಂದ್ಗಡೆಯಿಂದ್ಲೇ ಹೋಯ್ತಾನೆ. ಒಳಗೆ ಬಂದು ಅಣ್ಣ ಹೆಂಗಿದ್ದೀಯ ಅನ್ನಕ್ಕಾಗಲ್ಲ." ಮಗ್ಗುಲು ಬದಲಿಸಿದ ಸದ್ದಾಯಿತು. "ಬಂದ್ರೆ ನಾನೆಲ್ಲಿ ಬೈದುಬುಡ್ತೀನೋ ಅಂತ ಭಯ ಇರ್ಬೋದು. ಚಿಕ್ಕೋನಿದ್ದಾಗ್ಲೂ ಹಂಗೇ ಇದ್ದ." ಆಮೇಲೆ ದನಿ ತಗ್ಗಿತು. "ನಾನೇ ಹೋದ್ರೆ ಏನಾಯ್ತದೆ?"

ಓಬಮ್ಮ ಅಲಗಿನ ಮೇಲಿದ್ದ ಬೆರಳನ್ನು ಹಿಂದಕ್ಕೆ ತೆಗೆದಳು. ಇದು ವಡೆಯಲ್ಲ. ಹೋಗಿ ಅವಮಾನವಾದರೆ? ಮಾಯಣ್ಣ ಮುಖ ತಿರುಗಿಸಿದರೆ ಈ ಮನುಷ್ಯ ಸಾಯುವವರೆಗೂ ಆ ಕಡೆ ನೋಡುವುದಿಲ್ಲ.

"ನಾನೇ ಹೋದ್ರೆ ತಪ್ಪೇನು?" ಎಂದು ದೊಡ್ಡರಂಗಯ್ಯ ಇನ್ನೊಮ್ಮೆ ಕೇಳಿದ. ಈ ಸಲ ಅವನು ತನ್ನನ್ನು ಕೇಳಿಕೊಳ್ಳುತ್ತಿರಲಿಲ್ಲ. ಮೇಲಕ್ಕೆ ಮುಖ ಮಾಡಿ, ಅಟ್ಟವನ್ನು ಕೇಳುತ್ತಿದ್ದ.

ಓಬಮ್ಮ ಕಣ್ಣು ಮುಚ್ಚಿಕೊಂಡು ಮಣಿಕಟ್ಟು ತಿರುಗಿಸಿದಳು. ಟಕ್.

"ಕೃಷ್ಣ ಕೃಷ್ಣ" ಎಂಬ ದನಿ ಬಹಳ ಮೆತ್ತಗೆ ಬಂತು.

ಮರುದಿನ ಬೆಳಿಗ್ಗೆ ದೊಡ್ಡರಂಗಯ್ಯ ವೈದ್ಯನ ಮಾತು ಮೀರಿ ಎದ್ದ. ಮಡಿ ಪಂಚೆಯುಟ್ಟು, ಕೋಲೂರಿಕೊಂಡು, ಬಲಗಾಲಿನ ಹಿಮ್ಮಡಿ ಮಾತ್ರ ನೆಲಕ್ಕೆ ತಾಗಿಸುತ್ತಾ ಎರಡನೇ ಬೀದಿಗೆ ಹೊರಟ. ಜೊತೆಗೆ ಬರುತ್ತೇನೆಂದ ಓಬಮ್ಮನನ್ನು ಬೇಡವೆಂದ. ಅವಳು ಹತ್ತು ಹೆಜ್ಜೆ ಹಿಂದೆ, ಯಾರೋ ಬೇರೆಯವರ ಹಾಗೆ, ಗೋಡೆ ಹಿಡಿದುಕೊಂಡು ಹೋದಳು.

ಮಾಯಣ್ಣ ಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಅಣ್ಣನನ್ನು ಕಂಡು ಎದ್ದ. ಹೊಸೆದ ಹಗ್ಗ ಕೈಯಲ್ಲೇ ಬಿಚ್ಚಿಕೊಂಡಿತು.

"ಕಾಲು ಹೆಂಗೈತೆ?"

"ನೋಡ್ತಾ ಇದ್ದೀಯಲ್ಲ. ಹಿಂಗೈತೆ."

"ಇಂಥಾ ಕಾಲಲ್ಲಿ ನಡ್ಕಂಡು ಬಂದ್ಯಾ?"

"ನೀನು ಬರ್ಲಿಲ್ವಲ್ಲ. ಇನ್ನೇನು ಮಾಡ್ಲಿ?"

ಮಾಯಣ್ಣನಿಗೆ ಐವತ್ತು ತುಂಬಿತ್ತು. ಆದರೂ ಮುಖ ತಿರುಗಿಸಿ ಹೆಗಲ ಮೇಲಿನ ಟವೆಲ್ಲಿನಿಂದ ಮೂಗೊರೆಸಿಕೊಂಡ. ಆಮೇಲೆ ಜಗಲಿಯ ಮೇಲೆ ಗೋಣಿಚೀಲ ಹಾಸಿ, "ಕುತ್ಕೋ ಅಣ್ಣಯ್ಯ" ಎಂದ. ಕಾಫಿ ಮಾಡು ಎಂದು ಯಾರೂ ಹೇಳಿರಲಿಲ್ಲ, ಬೋರಮ್ಮ ಎರಡು ಲೋಟ ಹಿಡಿದು ಬಂದೇಬಿಟ್ಟಳು. ಬೀದಿಯ ಮೂಲೆಯಲ್ಲಿ ಅಡಗಿದ್ದ ಓಬಮ್ಮನನ್ನು ನೋಡಿ ಹುಬ್ಬು ಹಾರಿಸಿದಳು. ಮರದ ಮಾತು, ಕಾಯಿಯ ಮಾತು ಯಾರೂ ಎತ್ತಲಿಲ್ಲ. ಎತ್ತಿನ ಗೊರಸು, ರಾಗಿ ಫಸಲು, ಹುಳಿಯಾರಿನ ಅಳಿಯನ ಹೊಸ ಅಂಗಡಿ ಎಂದು ಮಾತಾಡುತ್ತಾ ಬಿಸಿಲೇರಿತು. ವಾಪಸು ಬರುವಾಗ ಮಾಯಣ್ಣ ಅಣ್ಣನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿ, ಬೀದಿಯುದ್ದಕ್ಕೂ ತಳ್ಳಿಕೊಂಡು ಬಂದ. ಪಟ್ಟು ಹಾಕಿದ ಕಾಲನ್ನು ಮುಂದಕ್ಕೆ ಚಾಚಿ ದೊಡ್ಡರಂಗಯ್ಯ ಕಂಡವರಿಗೆಲ್ಲ ಕೈ ಮುಗಿಯುತ್ತಿದ್ದ.

ಇಷ್ಟಕ್ಕೇ ನಿಂತಿದ್ದರೆ ಓಬಮ್ಮನ ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು. ಆದರೆ ದೊಡ್ಡರಂಗಯ್ಯನ ಬಾಯಿ ನಿಲ್ಲಬೇಕಲ್ಲ. ನೋಡಲು ಬಂದವರಿಗೆಲ್ಲ ಹಲ್ಲಿಯ ಮಹಿಮೆ ಹೇಳಿದ. ಮೊದಲು ಪಕ್ಕದ ಮನೆಯ ಸಿದ್ದಮ್ಮ ಬಂದು, ಕಳೆದುಹೋದ ಕೋಳಿ ಸಿಗುತ್ತದೆಯೇ ಎಂದು ಕೇಳಿ, ಅಟ್ಟದ ಕೆಳಗೆ ಅರ್ಧ ಗಂಟೆ ಕೂತು ಹೋದಳು. ಓಬಮ್ಮ ಅಂದು ಕೊಟ್ಟಿಗೆಯಲ್ಲಿದ್ದಳು, ಹಲ್ಲಿ ಮಾತಾಡಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಕೆರೆಕೋಡಿಯ ಶಿವಣ್ಣ ಬಂದ. ಮಾಯಣ್ಣನೂ ಬೋರಮ್ಮನೂ ಅಲ್ಲೇ ಇದ್ದರು.

"ರಂಗಣ್ಣ, ನನ್ನ ಜೋಡಿ ಎತ್ತು ನಿಂಗೆ ಗೊತ್ತಲ್ಲ. ಕರು ಇದ್ದಾಗಿಂದ ಸಾಕಿರೋವು. ಒಬ್ಬ ಬಂದು ಕೇಳ್ತಾವ್ನೆ, ಕೊಡ್ಲೋ ಬ್ಯಾಡ್ವೋ ತಿಳೀತಿಲ್ಲ. ನಿಮ್ಮ ಹಲ್ಲಿ ಹೂಂ ಅಂದ್ರೆ ನಾಳೆ ಬೆಳಿಗ್ಗೇನೇ ಹಗ್ಗ ಬಿಚ್ಚಿ ಕೊಟ್ಟುಬುಡ್ತೀನಿ."

ಓಬಮ್ಮ ಮೇಲೆ ಕೂತು ಇದನ್ನೆಲ್ಲ ಕೇಳಿಸಿಕೊಂಡಳು. ಚಾಕು ಕೈಯಲ್ಲೇ ಇತ್ತು. ಆ ಎತ್ತುಗಳನ್ನು ಅವಳೂ ನೋಡಿದ್ದಳು, ಶಿವಣ್ಣ ಅವುಗಳ ಕೊಂಬಿಗೆ ಎಣ್ಣೆ ಸವರುವುದನ್ನೂ ನೋಡಿದ್ದಳು. ಬೆರಳು ತಪ್ಪಿ ಅಲುಗಿದರೂ ಒಬ್ಬನ ಕೊಟ್ಟಿಗೆ ಖಾಲಿಯಾಗುತ್ತಿತ್ತು. ಅವಳು ಎದ್ದು ಏಣಿ ಇಳಿದಳು. ಎಲ್ಲರೂ ಉಸಿರು ಹಿಡಿದು ಮೇಲೆ ನೋಡುತ್ತಿದ್ದವರು ಅವಳ ಕಡೆ ತಿರುಗಿದರು.

"ಹಲ್ಲಿ ಇಲ್ಲ ಗಿಲ್ಲಿ ಇಲ್ಲ. ಅದು ನಾನೇ" ಎಂದು ಓಬಮ್ಮ ಕೈ ಮುಂದೆ ಚಾಚಿ ಚಾಕು ಬಿಚ್ಚಿದಳು. ಟಕ್.

ಬೋರಮ್ಮ ನೆಲ ನೋಡಿದಳು.

"ಹಂಗಾದ್ರೆ ನನ್ನ ಎತ್ತು?" ಎಂದು ಶಿವಣ್ಣ ಕೇಳಿದ.

"ನಿಮ್ಮ ಎತ್ತಿನ ವಿಷ್ಯ ನಿಮ್ಮ ಮನೇಲಿ ಕೇಳಪ್ಪ. ಈ ಚಾಕುಗೇನು ಗೊತ್ತು?"

ಶಿವಣ್ಣ ಹಗುರಾದವನಂತೆ ನಿಟ್ಟುಸಿರು ಬಿಟ್ಟು ಎದ್ದುಹೋದ. ದೊಡ್ಡರಂಗಯ್ಯನ ಮುಖ ಕೆಂಪಾಗಿತ್ತು.

"ಮಾಯನ ಮನೆಗೆ ಹೋಗು ಅಂದಿದ್ದೂ ನೀನೇಯಾ?"

"ಹೋಗು ಅಂತ ನಾನು ಅನ್ನಲಿಲ್ಲ. ಹೋದ್ರೆ ತಪ್ಪೇನು ಅಂದಿದ್ದು ನೀವು. ನಾನು ಹೂಂ ಅಂದೆ. ಬಾಯಲ್ಲಿ ಅನ್ನಬೇಕಾಗಿತ್ತು, ಚಾಕೂಲಿ ಅಂದೆ. ಅದು ನನ್ನ ತಪ್ಪು."

"ಅಣ್ಣಯ್ಯ, ಹೋಗ್ಲಿ ಬುಡು..." ಎಂದು ಮಾಯಣ್ಣ ಬಾಯಿ ಹಾಕಿದ.

"ನೀನು ಸುಮ್ಕಿರ್ಲಾ" ಎಂದು ದೊಡ್ಡರಂಗಯ್ಯ ಗೋಡೆ ಕಡೆ ತಿರುಗಿ ಮಲಗಿಬಿಟ್ಟ.

ಮೂರು ದಿನ ಅವನು ಹೆಂಡತಿಯ ಜೊತೆ ಮಾತಾಡಲಿಲ್ಲ. ಮುದ್ದೆ ಬೇಕಾದರೆ ತಟ್ಟೆ ಕುಟ್ಟುತ್ತಿದ್ದ. ತಮ್ಮನ ಜೊತೆ ಮಾತ್ರ ಮೊದಲಿನಂತೆಯೇ ಇದ್ದ. ಸಂಜೆ ಮಾಯಣ್ಣ ಬಂದರೆ ಇಬ್ಬರೂ ಆ ಐವತ್ತರವತ್ತು ಸಸಿಗಳನ್ನು ಎಲ್ಲಿ ನೆಡುವುದೆಂದು ಗಂಟೆಗಟ್ಟಲೆ ಲೆಕ್ಕ ಹಾಕುತ್ತಿದ್ದರು. ಓಬಮ್ಮನಿಗೆ ಅಷ್ಟೇ ಸಮಾಧಾನ. ತನ್ನ ಮೇಲಿನ ಕೋಪ ಇವತ್ತಲ್ಲ ನಾಳೆ ಇಳಿಯುತ್ತದೆ ಎಂದುಕೊಂಡು ಚಾಕುವನ್ನು ಸಂಚಿಯಲ್ಲಿಟ್ಟು ಸುಮ್ಮನಾದಳು.

ನಾಲ್ಕನೇ ದಿನ ಬೆಳಿಗ್ಗೆ ಎಲೆಅಡಿಕೆ ಹಾಕಿಕೊಳ್ಳೋಣವೆಂದು ಸಂಚಿಗೆ ಕೈ ಹಾಕಿದರೆ ಚಾಕು ಇಲ್ಲ. ಮಂಚವೂ ಖಾಲಿ. ಓಬಮ್ಮನಿಗೆ ಗಾಬರಿಯಾಯಿತು. ಬಾವಿಗೆ ಎಸೆದುಬಿಟ್ಟನೋ ಏನೋ ಎಂದು ಹಿತ್ತಿಲಿಗೆ ಓಡಿದಳು. ಹುಲ್ಲಿನ ಮೆದೆಯ ಹಿಂದಿನಿಂದ ಗೊಣಗಾಟ ಕೇಳಿಸಿತು. ಇಣುಕಿ ನೋಡಿದಳು.

ದೊಡ್ಡರಂಗಯ್ಯ ಕಲ್ಲಿನ ಮೇಲೆ ಕಾಲು ಚಾಚಿ ಕೂತು, ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದು, ಎರಡು ಕೈಯ ಬಲವನ್ನೂ ಒಂದು ಹೆಬ್ಬೆರಳಿಗೆ ತಂದು ನೂಕುತ್ತಿದ್ದ. ಅಲಗು ಅರ್ಧ ಬಂದು ನಿಲ್ಲುತ್ತಿತ್ತು. "ಥೂ ಇದರ" ಎಂದು ಮಡಚಿ ಮತ್ತೆ ಶುರು ಮಾಡುತ್ತಿದ್ದ. ಮೆದೆಯ ಪಕ್ಕದಲ್ಲಿ ಹಾಲು ಕರೆಯಬೇಕಾಗಿದ್ದ ಎಮ್ಮೆ ಅವನನ್ನೇ ನೋಡುತ್ತಾ ನಿಂತಿತ್ತು.

ಓಬಮ್ಮ ತಡೆದುಕೊಂಡಷ್ಟು ತಡೆದುಕೊಂಡಳು. ಆಮೇಲೆ ಹೇಳಿದಳು:

"ಬಲ ಹಾಕ್ಬಾರ್ದು."

ದೊಡ್ಡರಂಗಯ್ಯ ಬೆಚ್ಚಿಬಿದ್ದು ಚಾಕುವನ್ನು ಪಂಚೆಯ ಮಡಿಲಲ್ಲಿ ಮುಚ್ಚಿಕೊಂಡ. ಮುಚ್ಚಿಕೊಂಡು ಪ್ರಯೋಜನವಿಲ್ಲವೆಂದು ತಿಳಿದು ಹೊರಗೆ ತೆಗೆದ.

"ಹಾಳಾದ್ದು ನಿನ್ನ ಕೈಗೆ ಮಾತ್ರ ಬತ್ತದಾ?"

"ನಂಗೂ ನಾಕ್ ದಿನ ಹಿಡೀತು. ಕೈ ಕುಯ್ಕಂಡೆ ಬೇರೆ."

"ಈಳಿಗೆಮಣೆ ಅಂದೆ?"

"ಹೂಂ, ಅದೂ ಸುಳ್ಳೇ."

ಅವನಿಗೆ ನಗು ಬಂತು. ನಗಬಾರದೆಂದು ಕೆಮ್ಮಿದ, ಕೆಮ್ಮಿನ ಜೊತೆಗೇ ನಗುವೂ ಹೊರಗೆ ಬಂತು. ಓಬಮ್ಮ ಪಕ್ಕದಲ್ಲಿ ಕೂತು, ಅವನ ದಪ್ಪ ಹೆಬ್ಬೆರಳನ್ನು ಹಿಡಿದು ಅಲಗಿನ ಸರಿಯಾದ ಜಾಗಕ್ಕೆ ಇಟ್ಟಳು. ಮಣಿಕಟ್ಟನ್ನು ಸಡಿಲ ಮಾಡಿಸಿದಳು. ಒಂದು ಸಲ, ಎರಡು ಸಲ, ಹತ್ತು ಸಲ. ಹಿತ್ತಿಲ ಬಾಗಿಲಿಗೆ ಹಾಲು ಕೇಳಿಕೊಂಡು ಬಂದ ಸಿದ್ದಮ್ಮ ಚೊಂಬು ಹಿಡಿದು ನಿಂತಳು, ಎಮ್ಮೆ ಒಮ್ಮೆ ಗಟ್ಟಿಯಾಗಿ ಕೂಗಿತು. ಇಬ್ಬರೂ ತಲೆ ಎತ್ತಲಿಲ್ಲ.

"ಇನ್ನೊಂದು ಸಲ ತೋರ್ಸು" ಎಂದ ದೊಡ್ಡರಂಗಯ್ಯ. "ನಿಧಾನಕ್ಕೆ ತೋರ್ಸು ಕಣೇ. ಎಲ್ಲಿಗೆ ಅವಸರ?"